ಕಿಡಿ ಕಾಣದ ಪ್ಲಗ್ಗು

"ಹಗ್ಗ ಬಿಡು!"

ಇನ್‌ಸ್ಪೆಕ್ಟರ್ ಕಿರುಚಿದ ರಭಸಕ್ಕೆ ಪೊಲೀಸ್ ಲಾಂಚಿನ ಡ್ರೈವರ್ ಮೋಟರು ಸ್ಟಾರ್ಟ್ ಮಾಡುವ ಹಗ್ಗವನ್ನು ಮಾತ್ರವಲ್ಲ, ಬಾಯಲ್ಲಿದ್ದ ಸಿಗರೇಟನ್ನೂ ಬಿಟ್ಟ. ಪಕ್ಕದಲ್ಲೇ ಪೆಟ್ರೋಲ್ ಡಬ್ಬ. ದಫೇದಾರ ಹಾರಿ ಬಂದು ಸಿಗರೇಟನ್ನು ಬೂಟಿನಡಿ ಹೊಸಕಿ, "ನಿನ್ನ ಮನೆ ಹಾಳಾಗ" ಎಂದು ಗೊಣಗಿದ.

"ಏನ್ ಮೇಡಂ, ಎದೆ ಒಡೆದು ಸಾಯ್ತಿದ್ದೆ! ಒಂದೇ ಒಂದು ಸಲ ಎಳೀತೀನಿ ಅಷ್ಟೆ. ಸ್ಟಾರ್ಟ್ ಆಗಿ ಕೆಮ್ಮಿ ನಿಂತ್ರೆ ಆ ರಿಪೇರಿ ಹುಡುಗ ಮಸಿ ಬೇಕಂತಲೇ ಕೆಡಿಸಿದ್ದಾನೆ ಅಂತ ಬರ್ಕೊಳ್ಳೋದು. ನನ್ನ ಸರ್ವೀಸಲ್ಲಿ ಇಂಥ ಮೋಟರ್ ಎಷ್ಟು ನೋಡಿಲ್ಲ!"

"ನೀನು ಎಳೆದ್ರೆ ಒಳಗಿರೋದೆಲ್ಲ ಹೊಗೆಯಾಗಿ ಹೋಗುತ್ತೆ. ಆಮೇಲೆ ನಾನೇನು ಹೊಗೆನ ಕೈಹಿಡಿದು ಕೋರ್ಟಿಗೆ ಕರ್ಕೊಂಡು ಹೋಗ್ಲಾ? ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚು."

ನದಿ ದಡದ ಪೊಲೀಸ್ ಶೆಡ್ಡಿನಲ್ಲಿ, ನೀರು ತುಂಬಿದ ಡ್ರಮ್ಮಿಗೆ ಹಲಗೆ ಕೊಟ್ಟು ಆ ಮೋಟರನ್ನು ನೇತುಹಾಕಿದ್ದರು. ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೇ ಔಟ್‌ಬೋರ್ಡ್ ಮೋಟರು. ಇದರ ದೋಣಿ ಸುಳಿಮಡುವಿನ ಹತ್ತಿರ ಜೊಂಡಿನಲ್ಲಿ ಸಿಕ್ಕಿಕೊಂಡು ಖಾಲಿಯಾಗಿ ತೇಲುತ್ತಿತ್ತು. ಇದರ ಮಾಲೀಕನ ಹೆಣ ಕೆಲವು ದಿನಗಳ ಮೇಲೆ ಕೆಳಗಿನ ಒಡ್ಡಿನ ಜಾಲರಿಗೆ ಬಡಿದುಕೊಂಡು ನಿಂತಿತ್ತು. ಮಾಲೀಕನನ್ನು ದಡದವರೆಲ್ಲ ದೊರೆ ಎನ್ನುತ್ತಿದ್ದರು. ಇದ್ದದ್ದು ಒಂದೇ ದೋಣಿ, ಗತ್ತು ಮಾತ್ರ ಹಡಗಿನದು.

ದೊರೆಯ ಭಾವಮೈದುನ, ಮೋಟರು ರಿಪೇರಿಯ ಹುಡುಗ, ಈಗ ಲಾಕಪ್ಪಿನಲ್ಲಿದ್ದ. ಮೈಕೈಯೆಲ್ಲ ಸದಾ ಕಪ್ಪಾಗಿರುತ್ತಿದ್ದುದರಿಂದ ಅವನಿಗೆ ಮಸಿ ಎಂದೇ ಹೆಸರು ಬಿದ್ದಿತ್ತು. ದೊರೆ ಕಾಣೆಯಾದ ಹಿಂದಿನ ದಿನವಷ್ಟೇ ಅವನು ದೋಣಿ ಕಟ್ಟುವ ಕಟ್ಟೆಯ ಮೇಲೆ ಹತ್ತು ಜನರೆದುರು ಭಾವನ ಕುತ್ತಿಗೆಪಟ್ಟಿ ಹಿಡಿದು, "ಇನ್ನೊಂದ್ಸಲ ಅಕ್ಕನ ಮೇಲೆ ಕೈ ಮಾಡಿ ನೋಡು, ನೀರಲ್ಲೇ ಗತಿ ಕಾಣಿಸ್ತೀನಿ" ಎಂದಿದ್ದ. ಭಾವ ನೀರಲ್ಲೇ ಗತಿ ಕಂಡ. ಇನ್ನೇನು ಬೇಕು? ಸಂಜೆಯೊಳಗೆ ಅವನನ್ನು ಕೊಲೆ ಆರೋಪದ ಮೇಲೆ ಕೋರ್ಟಿಗೆ ಹಾಜರುಪಡಿಸಬೇಕೆಂದು ಮೇಲಿನ ಸಾಹೇಬರ ಅಪ್ಪಣೆಯಾಗಿತ್ತು.

ಡ್ರೈವರ್ ಸ್ಪ್ಯಾನರ್ ಹುಡುಕುತ್ತಲೇ ಪಾಠ ಶುರುಮಾಡಿದ. ಬಾಯಿ ಸುಮ್ಮನಿದ್ದರೆ ಕೈ ಓಡದ ಜಾತಿ ಅವನದು.

"ದೊರೆ ಓಡಿಸ್ತಿದ್ದ ರೀತಿಗೆ ಮೋಟರಲ್ಲಿ ಮಸಿ ಕಟ್ಟದೆ ಇರುತ್ತಾ ಮೇಡಂ? ಯಾವಾಗ ನೋಡಿದ್ರೂ ನಿಧಾನ, ಮೆರವಣಿಗೆ ಹೊರಟಂಗೆ. ಸಾಲದ್ದಕ್ಕೆ ಪೆಟ್ರೋಲಿಗೆ ಎಣ್ಣೆ ಜಾಸ್ತಿ ಸುರೀತಿದ್ದ, ಮೋಟರಿಗೆ ಪುಷ್ಟಿ ಬರುತ್ತೆ ಅಂತ! ಒಳಗೆಲ್ಲ ಕಾರ್ಬನ್ ಹತ್ತಿಕೊಂಡು, ಪಿಸ್ಟನ್ ಸುತ್ತ ಇರೋ ಉಂಗುರಗಳು ಅಂಟಿಕೊಂಡಿದ್ವು. ಅದಕ್ಕೇ ಆ ಹುಡುಗ ಹಿಂದಿನ ಸಂಜೆ ಕಾರ್ಬನ್ ಕರಗೋ ಔಷಧ ಕುಡಿಸಿದ್ದು."

"ಹೇಗೆ ಕುಡಿಸ್ತಾರೆ?"

"ಮೋಟರ್ ಓಡ್ತಿರುವಾಗಲೇ ಗಾಳಿ ಎಳೆಯೋ ಬಾಯಿಗೆ ಔಷಧ ಹೊಡೀತಾನೇ ಹೋಗೋದು. ಉಸಿರು ಕಟ್ಟಿ ತಾನಾಗೇ ನಿಲ್ಲುತ್ತೆ. ರಾತ್ರಿಯೆಲ್ಲ ಹಂಗೇ ಬಿಡ್ಬೇಕು, ತಳ ಹತ್ತಿದ ಪಾತ್ರೆ ನೆನೆಹಾಕ್ತಾರಲ್ಲ, ಹಂಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಜೋರಾಗಿ ಓಡಿಸಿದ್ರೆ ನೆನೆದ ಮಸಿಯೆಲ್ಲ ಸುಟ್ಟು ಹೊಗೆಯಾಗಿ ಬರುತ್ತೆ. ಅದೇನು ಹೊಗೆ ಅಂತೀರಿ! ದಡವೇ ಕಾಣಲ್ಲ. ಅದು ತಿಳಿಯಾದ ಮೇಲೆ ಹೊಸ ಪ್ಲಗ್ಗು."

"ತಿಳಿಯಾದ ಮೇಲೇನಾ? ಮೊದಲೇ ಹಾಕಿದ್ರೆ?"

"ಮೊದಲೇ ಯಾರು ಹಾಕ್ತಾರೆ ಮೇಡಂ! ಆ ಕೊಳಕೆಲ್ಲ ಹೊಸದಕ್ಕೇ ಮೆತ್ತಿಕೊಳ್ಳಲ್ವಾ? ಸ್ನಾನಕ್ಕೆ ಮುಂಚೆ ಹೊಸ ಬಟ್ಟೆ ಹಾಕ್ಕೊಂಡಂಗೆ."

ಮೊದಲ ಪ್ಲಗ್ಗು ಹೊರಬಂತು. ಡ್ರೈವರನ ಬಾಯಿ ಅಲ್ಲಿಗೆ ನಿಂತಿತು. ಅದೇ ಒಂದು ಆಶ್ಚರ್ಯ.

"ಇದು ಹೊಸದು ಮೇಡಂ," ಎಂದ.

ಇನ್‌ಸ್ಪೆಕ್ಟರ್ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಸ್ಟೇಷನ್ನಿನಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಚಿಮಟ ಎನ್ನುತ್ತಿದ್ದರು. ಚರ್ಮದೊಳಗೆ ಮುರಿದ ಮುಳ್ಳನ್ನೂ ಬಿಡದೆ ಕೀಳುವವಳೆಂದು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಈಗ ಅವಳು ಕರವಸ್ತ್ರದ ತುದಿಯಿಂದ ಪ್ಲಗ್ಗಿನ ಮೂತಿಯನ್ನು ಒರೆಸಿದಳು. ಕಪ್ಪು ಕೆಸರು ಸಲೀಸಾಗಿ ಬಟ್ಟೆಗೆ ಬಂತು. ಅದರಡಿಯ ಪಿಂಗಾಣಿ ಬೆಳ್ಳಗೆ, ಅಂಗಡಿಯಿಂದ ತಂದಂತೆಯೇ ಇತ್ತು.

ಮೆತ್ತಿದ ಮಸಿ ಬೇರೆ, ಸುಟ್ಟು ಹತ್ತಿದ ಮಸಿ ಬೇರೆ. ಒಮ್ಮೆ ಕಿಡಿ ಹಾರಿದ್ದರೂ ಆ ಬಿಳುಪು ಕಂದಿರಬೇಕಿತ್ತು.

ಪ್ಲಗ್ಗು ಬಿಚ್ಚಿದ ತೂತಿಗೆ ಟಾರ್ಚು ಬಿಟ್ಟು ಕಣ್ಣಿಟ್ಟಳು. ಒಳಗೆ ಪಿಸ್ಟನ್ನಿನ ತಲೆಯ ಮೇಲೆ ನೆನೆದು ಸಡಿಲಗೊಂಡ ಮಸಿ ಗಂಜಿಯ ಹಾಗೆ ಕೂತಿತ್ತು. ಎಣ್ಣೆ ಬೆರೆತದ್ದು ಇನ್ನೂ ಆರಿರಲಿಲ್ಲ. ಎರಡನೆಯ ತೂತಿನಲ್ಲೂ ಅದೇ ಕತೆ.

"ಔಷಧ ಕುಡಿದ ಮೇಲೆ ಈ ಮೋಟರ್ ಓಡೇ ಇಲ್ಲ," ಎಂದಳು.

"ಓಡೇ ಇಲ್ಲ," ಡ್ರೈವರ್ ತಲೆ ಕೆರೆದುಕೊಂಡ. "ಆದ್ರೆ ದೋಣಿ ಸಿಕ್ಕಿದ್ದು ಕಟ್ಟೆಯಿಂದ ಮೇಲಕ್ಕೆ. ಹೊಳೆ ಮೇಲಕ್ಕೆ ಹರಿಯಲ್ಲವಲ್ಲ ಮೇಡಂ! ಹುಟ್ಟುಗಳು ಬೇರೆ ಮನೆಯಲ್ಲೇ ಇದ್ವು."

"ಯಾರೋ ಇನ್ನೊಂದು ದೋಣೀಲಿ ಎಳ್ಕೊಂಡು ಹೋಗಿ ಬಿಟ್ಟಿದ್ದಾರೆ."

ದಫೇದಾರ ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದ. ಕಾರಣವಿತ್ತು. ಹೆಣ ಸಿಗುವ ತನಕ ಇದು ಕೊಲೆಯೂ ಅಲ್ಲ, ಕೇಸೂ ಅಲ್ಲ. ಬರೀ ಒಬ್ಬ ಗಂಡಸು ಕಾಣೆ. ದೋಣಿಯನ್ನು ತಂದು ದೊರೆಯ ಮನೆ ಹಿಂದಿನ ಕಟ್ಟೆಗೇ ಕಟ್ಟಿ, ಮೋಟರಿನ ಮೇಲೊಂದು ಟಾರ್ಪಾಲು ಹೊದಿಸಿ, ಸ್ಟೇಷನ್ನಿನವರು ಕೈತೊಳೆದುಕೊಂಡಿದ್ದರು. ಹೆಣ ಸಿಕ್ಕಿದ ಮೇಲಾದರೂ ತಕ್ಷಣ ಮೋಟರನ್ನು ಎತ್ತಿಕೊಂಡು ಬಾ ಎಂದರೆ ದಫೇದಾರ ಎರಡು ದಿನ ಬಿಟ್ಟು ಹೋಗಿದ್ದ.

"ಜೀಪ್ ಕೆಟ್ಟಿತ್ತು ಮೇಡಂ..."

"ನಿನ್ನ ಜೀಪ್ ಕತೆ ಆಮೇಲೆ ಕೇಳ್ತೀನಿ." ಅವಳು ಪ್ಲಗ್ಗನ್ನು ತಿರುಗಿಸುತ್ತಿದ್ದಳು. ಆರು ಮೂಲೆಯ ಹಿಡಿಯ ಮೇಲೆ ಹಸಿ ಗೀರುಗಳು, ಹಲ್ಲಿನ ಗುರುತುಗಳು. "ಇದು ಪ್ಲಗ್ ಸ್ಪ್ಯಾನರ್ ಗುರುತಾ?"

ಡ್ರೈವರ್ ಬಗ್ಗಿ ನೋಡಿ ಛೀ ಎಂದ. "ಇಕ್ಕಳದಲ್ಲಿ ಕಚ್ಚಿ ತಿರುಗಿಸಿದ್ದಾರೆ. ಎರಡು ಮೂರು ಸಲ ಜಾರಿದೆ. ಮಸಿ ಏನೇ ಆಗಿರ್ಲಿ ಮೇಡಂ, ಕೆಲಸದಲ್ಲಿ ಇಂಥ ಹೊಲಸು ಮಾಡೋನಲ್ಲ. ಇದು ಪಕ್ಕಾ ನೋಡಿ ಕಲಿತವರ ಕೈ, ಮಾಡಿ ಕಲಿತವರದ್ದಲ್ಲ."

ಇನ್‌ಸ್ಪೆಕ್ಟರಿಗೆ ಸಮಾಧಾನವಾಗಬೇಕಿತ್ತು. ಹುಡುಗ ಬಚಾವಾದ ಎನ್ನಿಸಬೇಕಿತ್ತು. ಅದರ ಬದಲು ಅವಳಿಗೆ ಒಂದು ಹೇಳಿಕೆ ನೆನಪಾಯಿತು. ದೊರೆ ಕಾಣೆಯಾದ ದಿನ ಬೆಳಗಿನ ಜಾವ ಮೋಟರು ಸ್ಟಾರ್ಟಾಗಿ ಹೋದ ಸದ್ದು ಕೇಳಿದೆ ಎಂದು ಹೇಳಿಕೆ ಕೊಟ್ಟವಳು ಒಬ್ಬಳೇ. ದೊರೆಯ ಹೆಂಡತಿ. ಮಸಿಯ ಒಡಹುಟ್ಟಿದ ಅಕ್ಕ.

*

ಲಾಕಪ್ಪಿನಲ್ಲಿ ಮಸಿ ಗೋಡೆಗೊರಗಿ ಕೂತಿದ್ದ. ಸ್ಟೇಷನ್ನಿನ ಸೋಪಿಗೆ ಅವನ ಕೈ ಮುಕ್ಕಾಲು ಬೆಳ್ಳಗಾಗಿ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಹಿಡಿದು ತಂದಾಗಿನಿಂದ ಅವನದು ಒಂದೇ ರಾಗ: ನಾನೇನೂ ಮಾಡಿಲ್ಲ, ಔಷಧ ಹಾಕಿದೀನಿ ಸ್ಟಾರ್ಟ್ ಮಾಡ್ಬೇಡ ಅಂತ ಭಾವನಿಗೆ ಹೇಳಿಯೇ ಬಂದೆ, ಬೇಕಾದ್ರೆ ಪ್ಲಗ್ ಬಿಚ್ಚಿ ನೋಡಿ. ಸಾಹೇಬರು ಅದನ್ನು ಕೇಳಿ ಆಕಳಿಸಿದ್ದರು. ಅಕ್ಕನನ್ನು ಕೇಳಿದರೆ, "ಅವನು ಹೇಳಿದ್ದು ನಂಗೆ ಕೇಳಿಸಲಿಲ್ಲ" ಎಂದಿದ್ದಳು. ಹೇಳಿದ ಎಂದೂ ಇಲ್ಲ, ಹೇಳಲಿಲ್ಲ ಎಂದೂ ಇಲ್ಲ.

"ಬಿಚ್ಚಿ ನೋಡಿದೆ," ಎಂದಳು ಇನ್‌ಸ್ಪೆಕ್ಟರ್.

ಹುಡುಗ ಚಿಮ್ಮಿ ಎದ್ದು ಸರಳು ಹಿಡಿದುಕೊಂಡ. "ನಾನು ಹೇಳ್ಲಿಲ್ವಾ ಮೇಡಂ! ಹಳೇ ಪ್ಲಗ್ಗೇ ಇತ್ತು ಅಲ್ವಾ? ಕಪ್ಪಗೆ, ಒದ್ದೆಯಾಗಿ? ಮೋಟರ್ ಓಡೇ ಇಲ್ಲ ಅಂತ ಗೊತ್ತಾಯ್ತಲ್ಲ? ದೇವರು ದೊಡ್ಡವನು! ಅಕ್ಕನಿಗೆ ಬೇರೆ ಯಾವುದೋ ಮೋಟರ್ ಸದ್ದು ಕೇಳಿರುತ್ತೆ, ಪಾಪ, ನಿದ್ದೆಗಣ್ಣಲ್ಲಿ..."

ಅವಳು ಪ್ಲಗ್ಗುಗಳನ್ನು ಅಂಗೈ ಮೇಲಿಟ್ಟು ಮುಂದೆ ಚಾಚಿದಳು.

ಮಸಿ ನೋಡಿದ. ಬಗ್ಗಿ ಇನ್ನೊಮ್ಮೆ ನೋಡಿದ. ಬಿಳೀ ಪಿಂಗಾಣಿ ನೋಡಿದ, ಹಿಡಿಯ ಮೇಲಿನ ಹಲ್ಲುಗುರುತು ನೋಡಿದ. ಮುಖದ ನಗು ಹಾಗೇ ಹೆಪ್ಪುಗಟ್ಟಿತು.

"ಹೊಸ ಪ್ಲಗ್ ಎಲ್ಲಿಟ್ಟಿದ್ದೆ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದಳು. "ಬೆಳಿಗ್ಗೆ ಬಂದು ಹಾಕೋಕೆ ಅಂತ ತಂದಿದ್ಯಲ್ಲ, ಅದು."

ಅವನು ಪ್ಲಗ್ಗಿನಿಂದ ಕಣ್ಣು ತೆಗೆದು ನೆಲ ನೋಡಿದ.

"ಯಾರ ಕೈಗೆ ಕೊಟ್ಟಿದ್ದೆ?"

"ಯಾರ ಕೈಗೂ ಇಲ್ಲ." ಸರಳಿನಿಂದ ಕೈ ತೆಗೆದ. "ನಾನೇ ಹಾಕಿದ್ದು ಮೇಡಂ. ಎಲ್ಲ ನಾನೇ ಮಾಡಿದ್ದು. ಭಾವನ್ನ ಕೊಂದೆ. ಬರ್ಕೊಳ್ಳಿ."

"ಈಗ ತಾನೆ ದೇವರು ದೊಡ್ಡವನು ಅಂದೆ!"

"ತಪ್ಪಾಯ್ತು. ಬರ್ಕೊಳ್ಳಿ ಅಂದ್ನಲ್ಲ. ದೋಣಿನೂ ನಾನೇ ಎಳ್ಕೊಂಡು ಹೋದೆ. ಯಾವ ದೋಣಿ, ಏನು ಎತ್ತ ಅಂತ ಕೇಳ್ಬೇಡಿ. ಅಕ್ಕನಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

"ಅಕ್ಕನ ಮಾತು ನಾನು ಎತ್ತೇ ಇಲ್ಲವಲ್ಲೋ."

ಮಸಿ ನಾಲಿಗೆ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಭುಜಗಳು ಅಲುಗುತ್ತಿದ್ದವು. ಅಷ್ಟು ದಿನ ಬೆತ್ತದ ಏಟಿಗೂ ಅಳದಿದ್ದವನು.

ದಫೇದಾರ ಬಾಗಿಲ ಹತ್ತಿರ ಇಣುಕಿ, "ಸಾಹೇಬರ ಫೋನ್ ಮೇಡಂ. ಒಪ್ಕೊಂಡನಾ ಅಂತ ಕೇಳ್ತಿದ್ದಾರೆ" ಎಂದ.

"ಮೇಡಂ ಸ್ಟೇಷನ್ನಲ್ಲಿ ಇಲ್ಲ ಅನ್ನು."

"ಇಲ್ಲೇ ಇದ್ದೀರಲ್ಲ..."

"ಅಯ್ಯೋ ನಿನ್ನ! ಹೊರಟೆ ನೋಡು, ಈಗ ಇಲ್ಲ."

*

ದೊರೆಯ ಮನೆಯ ಅಡುಗೆಮನೆ ಕಟ್ಟೆಯ ಕಡೆಗೇ ತೆರೆದುಕೊಂಡಿತ್ತು. ಕಿಟಕಿಯ ಎದುರಿಗೇ ದೋಣಿ ಕಟ್ಟುವ ಗೂಟ. ಅಕ್ಕ ತೊಟ್ಟಿಯ ಮುಂದೆ ನಿಂತು ಪಾತ್ರೆ ಉಜ್ಜುತ್ತಿದ್ದಳು. ಬಾಗಿಲಲ್ಲಿ ಖಾಕಿ ಕಂಡರೂ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಕೂತ್ಕೊಳ್ಳಿ" ಎಂದಳು. ಎಡಗಣ್ಣಿನ ಕೆಳಗೆ ಹಳೇ ಏಟಿನ ಹಳದಿ ಬಣ್ಣ ಇನ್ನೂ ಮಾಸಿರಲಿಲ್ಲ.

ಇನ್‌ಸ್ಪೆಕ್ಟರ್ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸುತ್ತಿ ಬಳಸಿ ಮಾತಾಡುವ ಹೊತ್ತಲ್ಲ ಅದು. ಸಂಜೆಯೊಳಗೆ ಹುಡುಗ ಜೈಲಿನ ಗೇಟು ದಾಟಿದನೆಂದರೆ ಸಾಹೇಬರು ಫೈಲು ಮುಚ್ಚುತ್ತಾರೆ, ಆಮೇಲೆ ತಲೆ ಚಚ್ಚಿಕೊಂಡರೂ ಅದು ತೆರೆಯುವುದಿಲ್ಲ.

"ಆವತ್ತು ಮೋಟರ್ ಸದ್ದು ಕೇಳಿಸ್ತು ಅಂದ್ರಿ."

"ಹೂಂ."

"ಎಲ್ಲಿದ್ರಿ ಆಗ?"

"ಇಲ್ಲೇ. ಒಲೆ ಹಚ್ತಿದ್ದೆ."

"ಹೊಗೆ ಬಂತಾ?"

"ಒಲೆ ಹೊಗೇನಾ?"

"ಮೋಟರ್ ಹೊಗೆ. ಔಷಧ ನೆನೆದ ಮೋಟರ್ ಸ್ಟಾರ್ಟ್ ಮಾಡಿದ್ರೆ ಈ ಕಿಟಕಿಯಿಂದ ನುಗ್ಗಿ ನಿಮ್ಮನ್ನ ಕೆಮ್ಮಿಸಿ ಕೆಮ್ಮಿಸಿ ಇಡ್ತಿತ್ತು. ನಿಮ್ಮ ತಮ್ಮ ಎಷ್ಟು ಸಲ ಇದೇ ಕಟ್ಟೇಲಿ ಆ ಕೆಲಸ ಮಾಡಿಲ್ಲ? ನೀವು ಎಷ್ಟು ಸಲ ನಿಂತು ನೋಡಿಲ್ಲ?"

ಉಜ್ಜುವ ಕೈ ನಿಧಾನವಾಯಿತು. "ಗಾಳಿ ಆ ಕಡೆ ಬೀಸ್ತಿತ್ತೇನೋ."

"ಕೈಗೆ ಏನಾಯ್ತು?"

ಬಲಗೈಯ ಬೆರಳ ಗೆಣ್ಣುಗಳ ಮೇಲೆ ಚರ್ಮ ಸುಲಿದು ಹಕ್ಕಳೆ ಕಟ್ಟಿತ್ತು. ಅಕ್ಕ ಅದನ್ನು ಸೆರಗಿನೊಳಗೆ ಎಳೆದುಕೊಂಡಳು. "ಪಾತ್ರೆ ಅಂಚು ತಾಗ್ತು."

"ಇಕ್ಕಳ ಜಾರಿದ್ರೂ ಹಾಗೇ ಆಗುತ್ತೆ."

ಅಕ್ಕ ನಲ್ಲಿ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು.

"ನಿಮ್ಮ ತಮ್ಮ ಒಪ್ಕೊಂಡ," ಎಂದಳು ಇನ್‌ಸ್ಪೆಕ್ಟರ್.

"ಏನನ್ನ?"

"ಭಾವನ್ನ ಕೊಂದೆ ಅಂತ. ಬೆಳಿಗ್ಗೆ ತನಕ ಏನೂ ಮಾಡಿಲ್ಲ ಅಂತಿದ್ದ. ಈ ಪ್ಲಗ್ ತೋರಿಸಿದೆ. ಒಂದೇ ಸಲ ನೋಡಿದ, ಅದೆಲ್ಲಿದ್ದದ್ದು, ಯಾರ ಕೈ ಅಂತ ಗೊತ್ತಾಯ್ತು. ತಕ್ಷಣ ಎಲ್ಲ ತನ್ನ ತಲೆ ಮೇಲೆ ಹಾಕ್ಕೊಂಡ. ನೀವು ಗಂಡನ್ನ ಕೊಂದಿದ್ದೀರಿ ಅಂದ್ಕೊಂಡಿದ್ದಾನೆ ಅವನು. ನಿಮ್ಮನ್ನ ಉಳಿಸೋಕೆ ಹೊರಟಿದ್ದಾನೆ."

ಪಾತ್ರೆ ತೊಟ್ಟಿಯೊಳಗೆ ಬಿತ್ತು.

"ಪೆದ್ದು ಮುಂಡೇದು," ಎಂದಳು ಅಕ್ಕ. ಬೈಗುಳವೇ, ಆದರೆ ದನಿ ಒಡೆದಿತ್ತು. "ಚಿಕ್ಕಂದಿನಿಂದ ಹಿಂಗೇ. ನಾನು ಒಡೆದ ಲೋಟಕ್ಕೆಲ್ಲ ಅವನು ಏಟು ತಿಂತಿದ್ದ."

"ಇದು ಲೋಟ ಅಲ್ಲಮ್ಮ. ಅವನ ವಯಸ್ಸೆಲ್ಲ ಜೈಲಲ್ಲಿ ಹೋಗುತ್ತೆ. ಹೊರಗೆ ಬರೋವಾಗ ಗಡ್ಡ ಬೆಳ್ಳಗಾಗಿರುತ್ತೆ. ನಿಮಗೆ ಅದು ಸಮ್ಮತನಾ?"

ಅಕ್ಕ ತೊಟ್ಟಿಯ ಅಂಚು ಹಿಡಿದು ಬಗ್ಗಿದಳು. ಅಳುತ್ತಾಳೆ ಎಂದುಕೊಂಡರೆ ಅಳಲಿಲ್ಲ. ಇಷ್ಟು ದಿನ ಅವಳು ಅತ್ತದ್ದನ್ನು ಊರೆಲ್ಲ ನೋಡಿತ್ತು; ಮುಖ ಗುರುತು ಸಿಗದ ಆ ಹೆಣದ ಷರ್ಟು, ಬೆಲ್ಟು ಹಿಡಿದು, ಇವರೇ ಎಂದು ಹೊರಳಾಡಿ ಅತ್ತಿದ್ದಳು. ಈಗ ಕಣ್ಣಲ್ಲಿ ಹನಿಯಿರಲಿಲ್ಲ, ಬರೀ ಹೆದರಿಕೆ.

"ತಮ್ಮನಿಗೆ ಏನೂ ಆಗಲ್ಲ ಅಂದಿದ್ರು," ಎಂದಳು. "ಆಕಸ್ಮಿಕ ಅಂತ ಬರೆದು ಮುಗಿಸ್ತಾರೆ, ಯಾರನ್ನೂ ಹಿಡಿಯಲ್ಲ ಅಂದಿದ್ರು. ಹಿಡ್ಕೊಂಡು ಹೋದ್ಮೇಲೆ ಬಾಯಿ ಬಿಡೋಣ ಅಂತ ಎಷ್ಟೋ ಸಲ ಸ್ಟೇಷನ್ ಬಾಗಿಲ ತನಕ ಬಂದೆ ಮೇಡಂ. ಕಾಲೇ ಏಳಲಿಲ್ಲ."

"ಪ್ಲಗ್ ಬದಲಾಯಿಸಿದ್ದು ನೀವೇ."

"ನಾನೇ. ಅವನು ಹೊಸದನ್ನ ಸಕ್ಕರೆ ಡಬ್ಬದ ಹಿಂದೆ ಇಟ್ಟಿದ್ದ, ತೇವ ಆಗ್ಬಾರ್ದು ಅಂತ. ಹಳೇದನ್ನ ಹೊಳೆಗೆ ಎಸೆದೆ."

"ಸ್ಟಾರ್ಟೇ ಮಾಡದ ಮೋಟರಿಗೆ ಹೊಸ ಪ್ಲಗ್ ಯಾಕೆ ಹಾಕಿದ್ರಿ?"

"ಕೆಲಸ ಮುಗಿದ ಮೇಲೆ ಅವನು ಹೊಸ ಪ್ಲಗ್ ಹಾಕೋದನ್ನ ನೋಡಿದ್ದೆ. ಹೊಸದಿದ್ರೆ ಮೋಟರ್ ಓಡಿದೆ ಅಂತ ನೀವು ನಂಬ್ತೀರಿ, ಹಳೇದಿದ್ರೆ ಸಿಕ್ಕಿಬೀಳ್ತೀವಿ ಅಂದ್ರು. ಮಧ್ಯದಲ್ಲಿ ಸುಡೋದು ಒಂದಿದೆ ಅನ್ನೋದು ಇಬ್ಬರಿಗೂ ಹೊಳೀಲಿಲ್ಲ."

"ಇಬ್ಬರಿಗೂ." ಇನ್‌ಸ್ಪೆಕ್ಟರ್ ನೆಟ್ಟಗೆ ಕೂತಳು. "ಆಗಿಂದ ಅಂದ್ರು, ಅಂದಿದ್ರು ಅಂತಿದ್ದೀರಿ. ಯಾರು ಅಂದದ್ದು?"

ಅಕ್ಕ ಕಣ್ಣು ತಪ್ಪಿಸಿದಳು. "ಅವರು."

"ಅವರು ಅಂದ್ರೆ?"

"ಅವರು ಅಂದ್ರೆ ಅವರೇ ಮೇಡಂ. ಇನ್ಯಾರು?"

ಗಂಡನ ಹೆಸರು ಬಾಯಲ್ಲಿ ತಾರದ ಹೆಂಗಸು ಅವಳು. ಹೇಳಿಕೆ ಬರೆಸುವಾಗಲೂ ಹೆಸರಿನ ಜಾಗದಲ್ಲಿ ಬರೀ ಅವರು, ಅವರು ಎಂದು ಬರೆಸಿ ದಫೇದಾರನ ತಲೆ ತಿಂದಿದ್ದಳು. ಇನ್‌ಸ್ಪೆಕ್ಟರಿಗೆ ಈಗ ಅದು ನೆನಪಾಯಿತು. ಇಲ್ಲ, ಇರಲಾರದು. ಸಾಯುವ ಮುಂಚೆ ಹೇಳಿರಬೇಕು, ಏನೋ ಗಂಡಹೆಂಡಿರ ಹಳೇ ಸಂಚು. ಹಾಗೆಂದು ತನಗೆ ತಾನೇ ಹೇಳಿಕೊಂಡಳು, ನಂಬಿಕೆ ಬರಲಿಲ್ಲ.

"ಪ್ಲಗ್ ಬದಲಾಯಿಸು ಅಂತ ಅವರು ನಿಮಗೆ ಹೇಳಿದ್ದು ಯಾವಾಗ?"

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ಬೆರಳ ಗೆಣ್ಣಿನ ಹಕ್ಕಳೆ ಕಿತ್ತು ರಕ್ತ ಜಿನುಗುತ್ತಿತ್ತು.

"ನನ್ನ ತಮ್ಮನ್ನ ಬಿಡಿಸ್ತೀರಾ? ಆಣೆ ಮಾಡಿ."

"ಯಾವಾಗ ಹೇಳಿದ್ರು?"

"ಹೆಣ ಸಿಕ್ಕಿತಲ್ಲ, ಅದರ ಮಾರನೇ ದಿನ," ಎಂದಳು ಅಕ್ಕ. "ಈಗ ನೀವು ಕೂತಿದ್ದೀರಲ್ಲ, ಅದೇ ಸ್ಟೂಲಿನ ಮೇಲೆ ಕೂತು, ಉಂಡು ಹೋದ್ರು."